ಸೀಸೆಯ ಕಣ್ಣೀರು

ತೊಮಾಸಿನಾಳಿಗೆ ಸೊಸೆಯ ಮೇಲೆ ಮೊದಲು ಹುಟ್ಟಿದ್ದು ಕೋಪವಲ್ಲ, ಹೇಸಿಗೆ. ಕೋಪವಾಗಿದ್ದರೆ ಆಡಿ ತೀರಿಸಿಕೊಳ್ಳಬಹುದಿತ್ತು. ಹೇಸಿಗೆ ಹಾಗಲ್ಲ, ಊಟದ ತಟ್ಟೆಯ ಮೇಲೆ ಕೂತ ನೊಣದಂತೆ, ಓಡಿಸಿದಷ್ಟೂ ಬಂದು ಅಲ್ಲಿಯೇ ಕೂರುತ್ತದೆ.

ಅದು ಹುಟ್ಟಿದ್ದು ಮಗ ಎವರಿಸ್ತೊನನ್ನು ಮಣ್ಣು ಮಾಡಿದ ದಿನ. ಮಾವಿನ ಹಣ್ಣು ಹೇರಿಕೊಂಡು ಬಾನೀ ಪಟ್ಟಣಕ್ಕೆ ಇಳಿಯುತ್ತಿದ್ದ ಅವನ ಲಾರಿ ಬೆಟ್ಟದ ತಿರುವಿನಲ್ಲಿ ಮಗುಚಿಕೊಂಡಿತ್ತು. ಶವದ ಪೆಟ್ಟಿಗೆಯನ್ನು ಅಂಗಳದಲ್ಲಿಟ್ಟಾಗ ಬೆಟ್ಟದ ಹೆಂಗಸರೆಲ್ಲ ನೆಲಕ್ಕೆ ಬಿದ್ದು ಅತ್ತರು, ಕೂದಲು ಬಿಚ್ಚಿದರು, ಸತ್ತವನನ್ನು ಹೆಸರು ಹಿಡಿದು ಬೈದರು. ತೊಮಾಸಿನಾಳ ಕಪ್ಪು ಅಂಗಿಯ ಎದೆ ಕಣ್ಣೀರಿನಿಂದ ನೆನೆದು ಹೋಯಿತು. ಅಷ್ಟು ಜನರ ನಡುವೆ, ಪೆಟ್ಟಿಗೆಯ ತಲೆಯ ಕಡೆ, ಎವರಿಸ್ತೊನ ಹೆಂಡತಿ ಅರೆಲಿಸ್ ನಿಂತೇ ಇದ್ದಳು. ಅವಳ ಬಾಯಿ ತೆರೆದಿತ್ತು, ಮುಖ ಕಿವುಚಿಕೊಂಡಿತ್ತು, ಗಂಟಲಿನಿಂದ ನಾಯಿ ವಾಂತಿ ಮಾಡುವಾಗಿನಂಥ ಒಣ ಸದ್ದು ಬರುತ್ತಿತ್ತು. ಕಣ್ಣು ಮರಳು ಎರಚಿದಂತೆ ಕೆಂಪಗಿತ್ತು. ಅದರಲ್ಲಿ ಒಂದು ಹನಿ ನೀರಿರಲಿಲ್ಲ.

"ನೋಡೇ ಕೊಮಾದ್ರೆ," ಎಂದು ಫೆಫಾ ತೊಮಾಸಿನಾಳ ಕಿವಿಯಲ್ಲಿ ಅಂದಳು. "ನಿನ್ನ ಸೊಸೆ ಆಕಳಿಸ್ತಾ ಇದಾಳೆ."

ಫೆಫಾ ಪಕ್ಕದ ಮನೆಯವಳು. ಎವರಿಸ್ತೊನ ಜ್ಞಾನಸ್ನಾನದ ದಿನ ಅವನಿಗೆ ಜ್ಞಾನತಾಯಿಯಾಗಿ ನಿಂತವಳು. ಅಂದಿನಿಂದ ಅವಳೂ ತೊಮಾಸಿನಾಳೂ ಒಬ್ಬರಿಗೊಬ್ಬರು ಕೊಮಾದ್ರೆ. ಒಡಹುಟ್ಟಿದವರಿಗಿಂತ ಒಂದು ಕೈ ಮೇಲು. ಸಾವಿನ ಮನೆಯಲ್ಲಿ ಪ್ರಾರ್ಥನೆ ಹೇಳಿಸುವವಳೂ ಅವಳೇ, ಮಕ್ಕಳಿಗೆ ತಾಕಿದ ದೃಷ್ಟಿ ತೆಗೆಯುವವಳೂ ಅವಳೇ. ಅವಳು ಆಡಿದ ಮಾತು ಸಂಜೆಯೊಳಗೆ ಬೆಟ್ಟ ಇಳಿದು ಹೋಗುತ್ತಿತ್ತು. "ಆಕಳಿಸಿದ ವಿಧವೆ" ಎಂಬ ಮಾತೂ ಹಾಗೆಯೇ ಹೋಯಿತು.

ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮೇಲಿನ ಭಾನುವಾರ ಚರ್ಚಿನಲ್ಲಿ ಇನ್ನೊಂದು ನಡೆಯಿತು. ಪಾದ್ರಿಗಳು ಅರೆಲಿಸಳ ನಾಲಿಗೆಯ ಮೇಲೆ, ಸ್ವಾಮಿಯ ಶರೀರವೆಂದು ನಂಬುವ ಪರಮಪ್ರಸಾದದ ತೆಳ್ಳನೆಯ ಬಿಲ್ಲೆಯನ್ನಿಟ್ಟರು. ಅವಳು ಬಂದು ಬೆಂಚಿನಲ್ಲಿ ಮೊಣಕಾಲೂರಿದಳು. ದವಡೆ ಆಡುತ್ತಲೇ ಇತ್ತು, ಗಂಟಲು ಮಾತ್ರ ಆಡಲಿಲ್ಲ. ಕೊನೆಗೆ ಅವಳು ಬಾಯೊಳಗೆ ಬೆರಳು ಹಾಕಿ, ಅಂಗುಳಕ್ಕೆ ಮೆತ್ತಿಕೊಂಡಿದ್ದನ್ನು ಉಗುರಿನಿಂದ ಕೆರೆದು ತೆಗೆದು, ಕರವಸ್ತ್ರದಲ್ಲಿ ಮಡಚಿಟ್ಟುಕೊಂಡಳು. ಮೀನಿನ ಮುಳ್ಳು ತೆಗೆದ ಹಾಗೆ. ತೊಮಾಸಿನಾ ಅದನ್ನು ಕಂಡಳು.

ಮನೆಗೆ ಬಂದವಳೇ ಕೇಳಿದಳು. "ಸ್ವಾಮಿಯ ಶರೀರಾನ ಏನು ಮಾಡಿದೆ?"

"ನುಂಗೋಕೆ ಆಗ್ಲಿಲ್ಲ, ದೊನ್ಯಾ. ಅಂಟ್ಕೊಂಡ್ಬಿಡ್ತು. ಈಗ ನೀರಲ್ಲಿ ನೆನೆಸಿ ಕುಡಿದೆ." ಹಿರಿಯ ಹೆಂಗಸರನ್ನು ಗೌರವದಿಂದ ದೊನ್ಯಾ ಎನ್ನುವುದು ಬೆಟ್ಟದ ರೂಢಿ, ಅರೆಲಿಸ್ ಅತ್ತೆಯನ್ನೂ ಹಾಗೆಯೇ ಕರೆಯುತ್ತಿದ್ದಳು.

"ಕುಡಿದೆಯಾ? ಸಾರು ಕುಡಿದ ಹಾಗೆ?"

"ನೆಲಕ್ಕೆ ಬೀಳಿಸಬಾರದಲ್ಲ ಅಂತ..."

ಹೇಳುವಾಗ ಅರೆಲಿಸಳ ನಾಲಿಗೆ ಅಂಗುಳಕ್ಕೆ ಹತ್ತಿ ಬಿಟ್ಟು, ಟಕ್ ಟಕ್ ಎಂದು ಸದ್ದಾಗುತ್ತಿತ್ತು. ಹಲ್ಲುಗಳು ಬುಡದಲ್ಲಿ ಕಂದುಗಟ್ಟಿ ಕರಗುತ್ತಿದ್ದವು. ಮೂವತ್ತು ದಾಟದ ಹೆಂಗಸಿನ ಬಾಯಿ ಮುದುಕಿಯ ಬಾಯಿಯ ಹಾಗೆ ನಾರುತ್ತಿತ್ತು. ತೊಮಾಸಿನಾ ಬಿಸಿ ಬಿಸಿಯಾಗಿ ಮರಗೆಣಸಿನ ಕಸಾವೆ ರೊಟ್ಟಿ ಕೊಟ್ಟರೆ ಅದನ್ನು ಕಾಫಿಯಲ್ಲಿ ಮುಳುಗಿಸಿ, ಗಂಜಿ ಮಾಡಿ, ಜೋಲುವುದನ್ನು ಬೆರಳಿನಿಂದ ಬಾಯಿಗೆ ತಳ್ಳಿಕೊಳ್ಳುವಳು. ಎವರಿಸ್ತೊ ಇದ್ದಾಗಲೂ ಹೀಗೆಯೇ ತಿನ್ನುತ್ತಿದ್ದಳು. ಆಗ ಅವನು ನಗುತ್ತಿದ್ದ. ಈಗ ಆ ನಗು ಇರಲಿಲ್ಲ, ಗಂಜಿ ಮಾತ್ರ ಇತ್ತು.

ಆಮೇಲೆ ಗಂಟುಗಳು ಬಂದವು. ಮೊದಲು ಕಿವಿಯ ಕೆಳಗೆ, ಆಮೇಲೆ ದವಡೆಯ ಮೂಲೆಯಲ್ಲಿ, ಕುತ್ತಿಗೆಯ ಎರಡೂ ಬದಿಗೆ, ಪಾರಿವಾಳದ ಮೊಟ್ಟೆಯಷ್ಟು. ಬೆಟ್ಟದವರು ಇಂಥ ಗಂಟಿಗೆ ಸೇಕಾ ಎನ್ನುತ್ತಾರೆ. ಒಣಗಿದ ತೊರೆಗೆ, ಒಣಗಿದ ಬಟ್ಟೆಗೆ ಅನ್ನುವ ಸೇಕಾ ಕೂಡ ಅದೇ ಮಾತು. ಗಂಟು ಒಣಗಲಿ ಎಂಬ ಹಾರೈಕೆಯಿಂದ ಆ ಹೆಸರು ಬಂತೋ ಏನೋ, ಯಾರೂ ಯೋಚಿಸಿರಲಿಲ್ಲ.

ಸೇಕಾ ಬಂದರೆ ಫೆಫಾ ಕೊಯ್ಯುತ್ತಾಳೆ. ಮೈಯನ್ನಲ್ಲ. ಒಲೆಯ ಬೂದಿಯನ್ನು ನೆಲದ ಮೇಲೆ ಹರಡಿ, ರೋಗಿಯ ಬರಿಗಾಲನ್ನು ಅದರ ಮೇಲೆ ಒತ್ತಿಸಿ, ಮೂಡಿದ ಹೆಜ್ಜೆಯನ್ನು ಅಡುಗೆಮನೆಯ ಕತ್ತಿಯಿಂದ ಶಿಲುಬೆಯ ಆಕಾರದಲ್ಲಿ ಗೀರುತ್ತಾಳೆ.

"ಏನು ಕೊಯ್ತಾ ಇದೀನಿ?" ಎಂದು ಫೆಫಾ ಕೇಳಿದಳು.

"ಸೇಕಾ," ಅಂದಳು ಅರೆಲಿಸ್.

"ಕೊಯ್ದೆ. ಬೇರು ಸಮೇತ ಒಣಗಲಿ. ಏನು ಕೊಯ್ತಾ ಇದೀನಿ?"

"ಸೇಕಾ."

ಬೂದಿ ಹಾರಿ ಅರೆಲಿಸಳ ಕಣ್ಣಿಗೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಕಣ್ಣು ತುಂಬಿ ಸುರಿಯುತ್ತಿತ್ತು. ಅವಳು ರೆಪ್ಪೆ ಬಡಿಯುತ್ತ, ಬೂದಿಯನ್ನು ಕಣ್ಣಲ್ಲಿಯೇ ಇಟ್ಟುಕೊಂಡು ಕೂತಿದ್ದಳು. ಫೆಫಾ ಎದ್ದು ಕತ್ತಿಯನ್ನು ಒರೆಸಿಕೊಂಡಳು.

"ಬೂದಿಗೂ ಅಳಲಿಲ್ಲ ಕೊಮಾದ್ರೆ. ಇದು ನನ್ನ ಕತ್ತಿಗೆ ಬಗ್ಗೋದಲ್ಲ."

ಅರೆಲಿಸ್ ಕಾಲಿನ ಬೂದಿ ಕೊಡವಿಕೊಳ್ಳುತ್ತ, "ಕೊಯ್ದಷ್ಟು ಸಲ ಒಣಗಲಿ ಒಣಗಲಿ ಅಂದ್ರಿ. ಗಂಟು ಕೇಳಿಸಿಕೊಳ್ಳಲಿಲ್ಲ, ನಾನು ಕೇಳಿಸಿಕೊಂಡೆ," ಎಂದಳು.

ಕೆಳಗಿನ ಊರಿನ ದವಾಖಾನೆಯ ಡಾಕ್ಟರು ಕುರ್ಚಿಯಿಂದ ಏಳದೆಯೇ ಎರಡು ಬೆರಳಿನಿಂದ ಕುತ್ತಿಗೆ ಮುಟ್ಟಿ ನೋಡಿದರು. "ಕ್ಷಯ," ಅಂದರು. "ಈ ಕಡೆ ಕುತ್ತಿಗೆಯಲ್ಲಿ ಗಂಟು ಅಂದ್ರೆ ಕ್ಷಯ ಅಂತಲೇ." ಕಫ ತೆಗೆದು ನೋಡೋಣವೆಂದರೆ ಅವಳ ಬಾಯಲ್ಲಿ ಉಗುಳಲು ಏನೂ ಇರಲಿಲ್ಲ. ಮಾತ್ರೆ ಕೊಟ್ಟು ಕಳಿಸಿದರು. ಮಾತ್ರೆ ಕಟ್ಟಿಕೊಟ್ಟ ನರ್ಸಮ್ಮ ಹೇಳಿದಳು, "ಹೆದರಬೇಡಿ, ಇದರಿಂದ ಮೂತ್ರ ಕೆಂಪಾಗುತ್ತೆ, ಬೆವರು ಕೆಂಪಾಗುತ್ತೆ, ಕಣ್ಣೀರೂ ಕೆಂಪಾಗುತ್ತೆ."

ಅಂದಿನಿಂದ ಅರೆಲಿಸಳಿಗೆ ಬೇರೆ ತಟ್ಟೆ, ಬೇರೆ ಲೋಟ, ಕೋಳಿಗೂಡಿನ ಪಕ್ಕದ ಕೋಣೆ. ಅವಳ ಬಟ್ಟೆಯನ್ನು ತೊಮಾಸಿನಾ ಕೋಲಿನಿಂದ ಎತ್ತಿ ಕುದಿಯುವ ನೀರಿಗೆ ಹಾಕುವಳು. ಪಾತ್ರೆಯಲ್ಲಿ ಮೂತ್ರ ಕಿತ್ತಳೆ ಕೆಂಪಾಗಿ ನಿಂತಿರುತ್ತಿತ್ತು. ಅದನ್ನು ಚೆಲ್ಲುವಾಗ ಜಪಸರದ ಪ್ರಾರ್ಥನೆ ಹೇಳಿಕೊಂಡರೂ ವಾಕರಿಕೆ ನಿಲ್ಲುತ್ತಿರಲಿಲ್ಲ. ದಿಂಬಿನ ಮೇಲೆ ಬೆವರಿನ ಕೆಂಪು ಕಲೆ ಬಿತ್ತು. ಕಣ್ಣೀರಿನ ಕಲೆ ಮಾತ್ರ ಬೀಳಲಿಲ್ಲ. ದಿಂಬಿನ ಚೀಲ ಒಣಗಹಾಕುವಾಗಲೆಲ್ಲ ಫೆಫಾ ಬೇಲಿಯಾಚೆಯಿಂದ ಕುತ್ತಿಗೆ ಚಾಚಿ ನೋಡಿ, "ಕೆಂಪು ಕಣ್ಣೀರೂ ಇಲ್ವಾ?" ಎನ್ನುವಳು.

ಗಂಟುಗಳು ಕರಗಲಿಲ್ಲ, ಇನ್ನಷ್ಟು ಊದಿದವು. ದವಾಖಾನೆಯವರು ರಾಜಧಾನಿಗೆ ಹೋಗಿ ಎಂದರು.

ಅಷ್ಟರಲ್ಲಿ ವರ್ಷದ ಪೂಜೆ ಹತ್ತಿರ ಬಂದಿತ್ತು. ಸತ್ತವನಿಗೆ ವರ್ಷ ತುಂಬಿದ ದಿನ ಬೆಟ್ಟದ ಜನರೆಲ್ಲ ಮನೆಗೆ ಬರುತ್ತಾರೆ. ಚರ್ಚಿನಲ್ಲಿ ಪೂಜೆ, ಮನೆಯಲ್ಲಿ ಸತ್ತವನಿಗಾಗಿ ಕಟ್ಟಿದ ಪೀಠದ ಮುಂದೆ ಪ್ರಾರ್ಥನೆ, ಕೊನೆಗೆ ಹೆಂಗಸರ ಅಳು. ಅಲ್ಲಿಗೆ ಆತ್ಮ ಹೊರಟುಹೋಗುತ್ತದೆ. ಅದರಲ್ಲಿ ವಿಧವೆಗೆ ಮೊದಲ ಸಾಲು. ಆ ಸಾಲಿನಲ್ಲಿ ಈ ಗಂಟಿನ ಕುತ್ತಿಗೆ, ಈ ನಾರುವ ಬಾಯಿ, ಈ ಒಣ ಕಣ್ಣು ನಿಲ್ಲುವುದನ್ನು ನೆನೆದರೆ ತೊಮಾಸಿನಾಳಿಗೆ ತಡೆಯಲಾಗುತ್ತಿರಲಿಲ್ಲ. ತನ್ನ ಮಗನಿಗೆ ಹೆಂಡತಿಯ ಒಂದು ಹನಿ ಕಣ್ಣೀರೂ ಸಿಗದೆ ಹೋಯಿತು. ಅವನನ್ನು ಈ ಲೋಕದಿಂದ ಬೀಳ್ಕೊಡುವ ದಿನವೂ ಅದನ್ನೇ ಊರಿಗೆಲ್ಲ ತೋರಿಸಬೇಕೆ? ಅವಳು ದಿನವೂ ಮಾತೆ ಮರಿಯಳ ಮುಂದೆ ಮೊಂಬತ್ತಿ ಹಚ್ಚಿ ಬೇಡಿಕೊಂಡಳು: "ತಾಯೀ, ಅಂಟುರೋಗ ಅಂತ ಆಸ್ಪತ್ರೆಯವರೇ ಅವಳನ್ನ ಇಟ್ಕೊಳ್ಳಲಿ. ಪೂಜೆ ಮುಗಿಯೋವರೆಗಾದರೂ." ಹಾಗೆ ಬೇಡಿಕೊಂಡೇ ಸೊಸೆಯನ್ನು ಬಸ್ಸು ಹತ್ತಿಸಿ ತಾನೂ ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಗೆ ಮುಖ ಕೊಟ್ಟು, ಮೂಗಿಗೆ ಬಟ್ಟೆ ಹಿಡಿದು ಕೂತಳು. ಪಕ್ಕದಲ್ಲಿ ಅರೆಲಿಸ್ ಬಾಟಲಿಯಿಂದ ನೀರು ಗುಟುಕರಿಸುತ್ತಲೇ ಇದ್ದಳು.

ರಾಜಧಾನಿಯ ಡಾಕ್ಟರು ಹೆಂಗಸು, ಕನ್ನಡಕದವಳು. ಅಲ್ಲಿಯೇ ಹುಟ್ಟಿ ಬೆಳೆದವಳು. ಬೆಟ್ಟದ ಮಾತು ಅವಳ ಕಿವಿಗೆ ಹೊಸತು.

"ಏನು ತೊಂದರೆ?" ಎಂದು ಅವಳು ಅರೆಲಿಸಳನ್ನು ಕೇಳಿದಳು. ಅರೆಲಿಸ್ ಬಾಯಿ ತೆರೆದು ನಾಲಿಗೆ ಬಿಡಿಸಿಕೊಳ್ಳುವಷ್ಟರಲ್ಲಿ ತೊಮಾಸಿನಾ ತಾನೇ ಹೇಳಿದಳು.

"ಸೇಕಾ, ಡಾಕ್ಟರಮ್ಮ. ಇವಳಿಗೆ ಸೇಕಾ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದಳು. "ಒಣಗಿದಾಳೆ ಅಂತೀರಾ? ಎಲ್ಲಿ ಒಣಗಿದೆ?"

ತೊಮಾಸಿನಾ ಕುತ್ತಿಗೆಯ ಗಂಟು ತೋರಿಸಲೆಂದು ಕೈ ಎತ್ತಿದಳು. ಆ ಕೈ ಅಲ್ಲಿಯೇ ನಿಂತಿತು. ಎಲ್ಲಿ ಒಣಗಿದೆಯಂತೆ! ವರ್ಷದಿಂದ ಹೊಟ್ಟೆಯಲ್ಲಿ ಕೊಳೆಯುತ್ತಿದ್ದದ್ದು ಆ ಒಂದು ಪ್ರಶ್ನೆಗೆ ಹೊರಗೆ ಬಂತು.

"ಎಲ್ಲಿ ಅಂತ ಕೇಳ್ತೀರಾ? ಎಲ್ಲಾ ಕಡೆ! ನನ್ನ ಮಗನ ಪೆಟ್ಟಿಗೆ ಮೇಲೆ ಒಂದು ಹನಿ ಬೀಳಿಸಲಿಲ್ಲ ಇವಳು. ಬೂದಿ ಬಿದ್ದರೂ ಇವಳ ಕಣ್ಣಲ್ಲಿ ನೀರಿಲ್ಲ. ಸ್ವಾಮಿಯ ಶರೀರ ನಾಲಿಗೆ ಮೇಲಿಟ್ಟರೆ ನುಂಗದೆ ಕೆರೆದು ತೆಗೆದಳು. ರೊಟ್ಟೀನ ಕಾಫಿಯಲ್ಲಿ ಕೊಳೆಸಿ ತಿಂತಾಳೆ, ಹಂದಿ ತಿಂದ ಹಾಗೆ. ಹಲ್ಲೆಲ್ಲ ಉದುರ್ತಾ ಇದೆ. ಬಾಯಿ ನಾರುತ್ತೆ. ಉಗುಳು ಅಂದ್ರೆ ಉಗುಳೂ ಇಲ್ಲ. ಒಣಗಿರೋದು ಇವಳ ಎದೆ, ಡಾಕ್ಟರಮ್ಮ! ಅದಕ್ಕೆ ಔಷಧ ಇದ್ರೆ ಕೊಡಿ!"

ಅರೆಲಿಸ್ ನೆಲ ನೋಡುತ್ತಿದ್ದಳು. ಡಾಕ್ಟರು ಮಾತ್ರ ಮುದುಕಿಯ ಒಂದೊಂದು ಬೈಗುಳವನ್ನೂ ತಲೆಯಾಡಿಸಿ ತಲೆಯಾಡಿಸಿ ಬರೆದುಕೊಂಡಳು, ದೂರು ಬರೆದುಕೊಳ್ಳುವ ಪೊಲೀಸಿನವರ ಹಾಗೆ. ಆಮೇಲೆ, "ಇನ್ನೇನಾದ್ರೂ ಇದೆಯಾ ಅಮ್ಮ? ಎಲ್ಲಾ ಹೇಳಿ. ಬೇಕು ನನಗೆ," ಅಂದಳು.

ಅವಳು ಬೆರಳಗಲದ ಎರಡು ಕಾಗದದ ಪಟ್ಟಿ ತೆಗೆದು, ತುದಿ ಮಡಚಿ, ಅರೆಲಿಸಳ ಕೆಳರೆಪ್ಪೆಗಳಿಗೆ ಸಿಕ್ಕಿಸಿದಳು. ಅವು ಕೆನ್ನೆಯ ಮೇಲೆ ಜೋತುಬಿದ್ದವು. ನೋಡಲು ಅಸಹ್ಯವಾಗಿತ್ತು. "ನೀವೂ ಒಂದು ಹಾಕ್ಕೊಳ್ಳಿ, ಎಷ್ಟು ನೀರು ಬರುತ್ತೆ ಅಂತ ಹೋಲಿಸೋಣ," ಎಂದು ಇನ್ನೊಂದನ್ನು ತೊಮಾಸಿನಾಳ ಕಣ್ಣಿಗೂ ಹಾಕಿದಳು. ಕಾಗದ ಚುಚ್ಚಿದ್ದೇ ತಡ, ತೊಮಾಸಿನಾಳ ಕಣ್ಣಿನಿಂದ ನೀರು ಇಳಿದು ಪಟ್ಟಿ ಪೂರಾ ಒದ್ದೆಯಾಗಿ ಕೆನ್ನೆಗೆ ಅಂಟಿತು. ಆಗ ಅವಳ ಮನಸ್ಸಿನಲ್ಲಿ ಮಗನೂ ಇರಲಿಲ್ಲ, ದುಃಖವೂ ಇರಲಿಲ್ಲ. ಕಾಗದ ಕೇಳಿತು, ಕಣ್ಣು ಕೊಟ್ಟಿತು. ಅರೆಲಿಸಳ ಪಟ್ಟಿಗಳು ಅಂಗಡಿಯಿಂದ ತಂದ ಹಾಗೆಯೇ ಗರಿಗರಿಯಾಗಿದ್ದವು.

ರಕ್ತ ತೆಗೆದರು. ಕೆಳತುಟಿಯ ಒಳಗಿಂದ ಕಾಳಿನಷ್ಟು ಮಾಂಸ ತೆಗೆದರು. ದವಡೆಯ ಕೆಳಗಿನ ಒಂದು ಗಂಟನ್ನು ಇಡಿಯಾಗಿ ತೆಗೆದು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಕ್ಷಯವೋ ಕ್ಯಾನ್ಸರೋ ಅಡಗಿದ್ದರೆ ಕಾಣಬೇಕೆಂದು. ಫಲಿತಾಂಶ ಬಂದ ದಿನವೂ ತೊಮಾಸಿನಾ ಜೊತೆಗೆ ಹೋದಳು. ಅಂಟುರೋಗವೆಂಬ ಮಾತು ಕೇಳುವ ಆಸೆ ಇನ್ನೂ ಬಿಟ್ಟಿರಲಿಲ್ಲ.

"ಕ್ಷಯ ಅಲ್ಲ," ಅಂದಳು ಡಾಕ್ಟರು. "ಕ್ಯಾನ್ಸರೂ ಅಲ್ಲ. ಆ ಮಾತ್ರೆ ನಿಲ್ಲಿಸಿ. ಇದು ಯಾರಿಗೂ ಅಂಟೋದಲ್ಲ." ಕಾಯಿಲೆಗೆ ಶೋಗ್ರೆನ್ ಎಂಬ ಹೆಸರು ಹೇಳಿದಳು. ತೊಮಾಸಿನಾಳ ಮುಖ ನೋಡಿ ಬೇರೆ ರೀತಿ ಹೇಳಿದಳು. "ಮೈಯೊಳಗೆ ಕಾವಲುಗಾರರು ಇರ್ತಾರಲ್ಲ ಅಮ್ಮ, ರೋಗ ಬಂದ್ರೆ ಹೊಡೆಯೋರು. ಇವಳ ಕಾವಲುಗಾರರಿಗೆ ತಲೆ ಕೆಟ್ಟಿದೆ. ಉಗುಳಿನ ಬಾವಿ, ಕಣ್ಣೀರಿನ ಬಾವಿ ಎರಡನ್ನೂ ವೈರಿ ಅಂದ್ಕೊಂಡು ಕಲ್ಲು ತುಂಬಿದಾರೆ. ಗಂಟು ಅಂದ್ರೆ ಅವರು ಗುಂಪು ಕಟ್ಟಿರೋ ಜಾಗ. ಪೂರ್ತಿ ವಾಸಿ ಆಗಲ್ಲ, ಆದ್ರೆ ಹತೋಟಿಲಿ ಇಡಬಹುದು. ಗಂಟನ್ನ ನಾನು ಆಗಾಗ ನೋಡ್ತಾ ಇರಬೇಕು, ಮುಂದೆ ಕೆಡಬಹುದು."

"ಹಾಗಾದ್ರೆ ಅಳು?" ಎಂದಳು ತೊಮಾಸಿನಾ.

"ಅಳು ಬರುತ್ತೆ. ನೀರು ಬರಲ್ಲ."

ಡಾಕ್ಟರು ಒಂದು ಪುಟ್ಟ ಸೀಸೆ ಕೊಟ್ಟಳು. ಕಣ್ಣಿಗೆ ಬಿಟ್ಟುಕೊಳ್ಳುವ ನೀರು. ಬಿಡದಿದ್ದರೆ ಕಣ್ಣಿಗೆ ಹುಣ್ಣಾಗುತ್ತದೆ ಎಂದಳು.

ವಾಪಸು ಬರುವ ಬಸ್ಸಿನಲ್ಲೂ ತೊಮಾಸಿನಾ ಕಿಟಕಿಯ ಪಕ್ಕವೇ ಕೂತಳು. ಬೆಟ್ಟ ಹತ್ತುವಾಗ, ಲಾರಿ ಮಗುಚಿದ ತಿರುವು ದಾಟಿ, ಎದೆಯ ಮೇಲೆ ಶಿಲುಬೆ ಎಳೆದುಕೊಂಡ ಮೇಲೆ ಕೇಳಿದಳು.

"ಅವತ್ತು... ಪೆಟ್ಟಿಗೆ ಹತ್ರ. ಅದು ಅಳುವಾ?"

"ಮತ್ತೇನು ಅಂದ್ಕೊಂಡ್ರಿ, ದೊನ್ಯಾ?"

"ಆಕಳಿಕೆ."

ಅರೆಲಿಸ್ ನಕ್ಕಳು. ನಕ್ಕದ್ದಕ್ಕೆ ತುಟಿ ಸೀಳಿ ರಕ್ತ ಬಂತು, ನಾಲಿಗೆಯಿಂದ ಒರೆಸಿಕೊಂಡಳು. "ಹೌದು, ಫೆಫಾ ದೊನ್ಯಾ ಹೇಳಿದ್ದು ನನಗೂ ಕೇಳಿಸ್ತು."

"ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತಾ?"

"ಏನಂತ? ಕಣ್ಣೀರು ಬರ್ತಿಲ್ಲ, ದುಃಖ ಇದೆ, ನಂಬಿ ಅಂತ ಅಂಗಳದಲ್ಲಿ ನಿಂತು ಕೂಗಬೇಕಿತ್ತಾ? ಕೊನೆಕೊನೆಗೆ ನನಗೇ ಅನುಮಾನ ಬಂದಿತ್ತು. ನೀವೆಲ್ಲಾ ಹೇಳೋದೇ ನಿಜ ಇರಬಹುದು, ನನಗೆ ಅವನು ಬೇಕಿರಲಿಲ್ಲವೇನೋ ಅಂತ."

ತೊಮಾಸಿನಾ ಅವಳನ್ನು ಅಪ್ಪಿಕೊಳ್ಳಲಿಲ್ಲ. ಬಾಯಿಯ ವಾಸನೆ ಹಾಗೆಯೇ ಇತ್ತು, ಅವಳು ಮುಖ ಕಿಟಕಿಗೆ ತಿರುಗಿಸಿದಳು. ಆದರೆ ಕಣ್ಣ ಮುಂದೆ ಆ ಅಂಗಳ ಬಂತು. ತೆರೆದ ಬಾಯಿ, ಕಿವುಚಿದ ಮುಖ, ನಾಯಿಯ ಸದ್ದು. ಅಂದು ತನ್ನ ಮಗನಿಗಾಗಿ ಅಷ್ಟು ಕಷ್ಟಪಟ್ಟು ಅತ್ತವರು ಯಾರೂ ಇರಲಿಲ್ಲ. ಉಳಿದವರಿಗೆಲ್ಲ ಸುಲಭವಾಗಿ ಬಂದಿತ್ತು, ತನಗೂ. ಒಂದು ತುಂಡು ಕಾಗದ ಚುಚ್ಚಿದರೂ ಬರುವಂಥದ್ದು.

ವರ್ಷದ ಪೂಜೆಗೆ ಅರೆಲಿಸ್ ಮೊದಲ ಸಾಲಿನಲ್ಲಿ ನಿಂತಳು. ಕುತ್ತಿಗೆಯಲ್ಲಿ ಗಂಟು, ಗಂಟು ತೆಗೆದಲ್ಲಿ ಹೊಲಿಗೆಯ ಗೆರೆ. ಪರಮಪ್ರಸಾದದ ಹೊತ್ತಿಗೆ ತೊಮಾಸಿನಾ ಶಾಲಿನ ಒಳಗಿಂದ ನೀರಿನ ಲೋಟ ತೆಗೆದು ಅವಳ ಕೈಗೆ ಕೊಟ್ಟಳು. ಪಾದ್ರಿಗಳನ್ನು ಮೊದಲೇ ಕೇಳಿದ್ದಳು. ಒಂದು ಗುಟುಕು ನೀರಿಗೆ ಸ್ವಾಮಿ ಮುನಿಸಿಕೊಳ್ಳುವುದಿಲ್ಲ ಎಂದಿದ್ದರು. ಹಿಂದಿನ ಸಾಲಿನಿಂದ ಫೆಫಾ, "ಇದೇನು ಕೊಮಾದ್ರೆ, ಚರ್ಚೋ ಹೆಂಡದಂಗಡಿಯೋ?" ಎಂದು ಪಿಸುಗುಟ್ಟಿದಳು. ತೊಮಾಸಿನಾ ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಪೀಠದ ಮುಂದೆ ಪ್ರಾರ್ಥನೆ ನಡೆಯಿತು. ಮೊಂಬತ್ತಿಯ ಹೊಗೆ, ಜನರ ಬೆವರು, ಬಾಡಿದ ಹೂವಿನ ವಾಸನೆ. ಹೊಗೆಗೆ ಅರೆಲಿಸಳ ಕಣ್ಣು ಉರಿದು ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ ಕತ್ತು ಹಿಂದಕ್ಕೆ ಬಾಗಿಸಿ ಸೀಸೆಯ ನೀರು ಬಿಟ್ಟುಕೊಳ್ಳುವುದು ಬಾಗಿಲ ಸಂದಿಯಿಂದ ತೊಮಾಸಿನಾಳಿಗೆ ಕಂಡಿತು. ಹೆಚ್ಚು ಬಿತ್ತೇನೋ, ಹೊರಗೆ ಬಂದಾಗ ಅವಳ ಎರಡೂ ಕೆನ್ನೆಯ ಮೇಲೆ ನೀರು ಹೊಳೆಯುತ್ತ ಇಳಿಯುತ್ತಿತ್ತು. ಸೀಸೆಯನ್ನು ಮುಷ್ಟಿಯಲ್ಲಿಯೇ ಮರೆತಿದ್ದಳು.

ಪ್ರಾರ್ಥನೆ ಹೇಳಿಸುತ್ತಿದ್ದ ಫೆಫಾ ಅರ್ಧಕ್ಕೆ ನಿಲ್ಲಿಸಿದಳು.

"ಅತ್ತಳು!" ಎಂದು ಕೂಗಿದಳು. "ನೋಡ್ರೇ, ಅತ್ತಳು! ಎವರಿಸ್ತೊ, ನನ್ನ ಕಂದಾ, ನಿನ್ನ ಹೆಂಡತಿ ಅಳ್ತಾ ಇದಾಳಪ್ಪಾ!"

ಹೆಂಗಸರೆಲ್ಲ ಒಮ್ಮೆಗೇ ಗೋಳಿಟ್ಟರು. ವರ್ಷವಿಡೀ ಅವಳ ನೆರಳು ತುಳಿಯದವರು ಓಡಿ ಬಂದು ಅವಳ ಕೆನ್ನೆ ಸವರಿದರು, ಆ ನೀರನ್ನು ಬೆರಳಲ್ಲಿ ತೆಗೆದು ತಮ್ಮ ಕಣ್ಣಿಗೆ ಒತ್ತಿಕೊಂಡರು. "ಅಳು ತಾಯೀ, ಅಳು, ಮನಸ್ಸು ಹಗುರಾಗುತ್ತೆ." ಫೆಫಾ ಅವಳನ್ನು ಎದೆಗೊತ್ತಿಕೊಂಡು ತೂಗಿದಳು. "ನಾನು ಹೇಳಲಿಲ್ವಾ? ನನ್ನ ಕತ್ತಿ ಕೊಯ್ದಿದ್ದು ತಡವಾಗಿ ಫಲ ಕೊಡ್ತು!" ಅವರ ತೋಳುಗಳ ನಡುವೆ ಅರೆಲಿಸ್ ಕಲ್ಲಿನಂತೆ ನಿಂತಿದ್ದಳು. ಬಾಯಿ ಮುಚ್ಚಿತ್ತು, ಮುಖ ಕಿವುಚಿರಲಿಲ್ಲ. ಆ ಹೊತ್ತಿನಲ್ಲಿ ಅವಳು ಅಳುತ್ತಿರಲಿಲ್ಲ.

ತೊಮಾಸಿನಾಳಿಗೆ ಅದನ್ನು ನೋಡಿ ಹೇಸಿಗೆಯಾಯಿತು. ಗಂಟಿಗೆ, ಕೆಂಪು ಮೂತ್ರಕ್ಕೆ, ಕೊಳೆತ ಹಲ್ಲಿಗೆ ಎಂದೂ ಇಷ್ಟು ಹೇಸಿರಲಿಲ್ಲ. ನಿಜವಾದ ಅಳುವಿಗೆ ಆಕಳಿಕೆ ಎಂದ ಬಾಯಿಗಳು ಔಷಧದಂಗಡಿಯ ನೀರಿಗೆ ಕೈ ಮುಗಿಯುತ್ತಿದ್ದವು. ಅವರ ಕೆನ್ನೆಯ ಮೇಲೆಲ್ಲ ಸಲೀಸಾಗಿ ನೀರು ಹರಿಯುತ್ತಿತ್ತು. ತೊಮಾಸಿನಾಳ ಕಣ್ಣಲ್ಲಿ ಮಾತ್ರ ಅಂದು ಬರಲಿಲ್ಲ.

ಅವಳು ಗುಂಪನ್ನು ತಳ್ಳಿಕೊಂಡು ಹೋಗಿ, ಅರೆಲಿಸಳ ಮುಷ್ಟಿ ಬಿಡಿಸಿ, ಸೀಸೆಯನ್ನು ತೆಗೆದು ಫೆಫಾಳ ಮುಖದ ಮುಂದೆ ಹಿಡಿದಳು.

"ತಗೋ ಕೊಮಾದ್ರೆ. ನಿನಗೂ ಎರಡು ಹನಿ ಬಿಡ್ಲಾ? ಇನ್ನೂ ಚೆನ್ನಾಗಿ ಅಳ್ತೀಯಾ."

ಗೋಳು ನಿಂತಿತು. "ಏನದು?" ಎಂದಳು ಫೆಫಾ.

"ನೀನು ಈಗ ಅಪ್ಪಿಕೊಂಡು ಮುದ್ದಾಡಿದ ಕಣ್ಣೀರು. ರಾಜಧಾನಿಯ ಔಷಧದ ಅಂಗಡೀಲಿ ಸಿಗುತ್ತೆ. ಇವಳಿಗೆ ಇರೋ ಕಾಯಿಲೆಗೆ ಕಣ್ಣಲ್ಲಿ ನೀರು ಬರಲ್ಲ. ಅವತ್ತು ಪೆಟ್ಟಿಗೆ ಹತ್ರ ಅತ್ತಳಲ್ಲ, ಅದು ಅಳು. ನೀನು ಆಕಳಿಕೆ ಅಂದೆ. ನಾನೂ ಹೌದು ಅಂದೆ. ಈಗ ಪ್ರಾರ್ಥನೆ ಮುಗಿಸು. ಮುಗಿಸೋಕೆ ಆಗದಿದ್ರೆ ಮನೆಗೆ ಹೋಗು. ನನ್ನ ಮಗನನ್ನ ನಾವಿಬ್ಬರೇ ಕಳಿಸಿಕೊಡ್ತೀವಿ."

ಫೆಫಾ ಜಪಸರವನ್ನು ಕೈಯಲ್ಲಿ ಸುತ್ತಿಕೊಂಡು ಹೊರಟಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಉಳಿದ ಪ್ರಾರ್ಥನೆಯನ್ನು ತೊಮಾಸಿನಾ ಹೇಳಿದಳು. ಅರೆಲಿಸ್ ನಾಲಿಗೆ ಬಿಡಿಸಿಕೊಂಡು ಬಿಡಿಸಿಕೊಂಡು "ಆಮೆನ್" ಎಂದಳು. ಟಕ್ ಎಂಬ ಸದ್ದಾಗುತ್ತಿತ್ತು. ಪ್ರಾರ್ಥನೆ ಮುಗಿದಾಗ ಅರೆಲಿಸಳ ಬಾಯಿ ತೆರೆಯಿತು, ಮುಖ ಕಿವುಚಿತು, ಗಂಟಲಿನಿಂದ ಆ ಒಣ ಸದ್ದು ಬಂತು. ತೊಮಾಸಿನಾ ಈ ಸಲ ಮುಖ ತಿರುಗಿಸದೆ ಅದನ್ನು ಕಡೆಯವರೆಗೂ ನೋಡಿದಳು. ಆಮೇಲೆ ಪೀಠದ ಮೊಂಬತ್ತಿಗಳನ್ನು ಆರಿಸಿದಳು.

ಜನರಿಗೆಂದು ಮಾಡಿದ ಕಾಫಿ, ಕಸಾವೆ ರೊಟ್ಟಿ ಹಾಗೆಯೇ ಉಳಿದಿತ್ತು. ಬೇರೆ ಇಟ್ಟಿದ್ದ ತಟ್ಟೆಯನ್ನು ಅವಳು ಕೋಳಿಗಳಿಗೆ ಕಾಳು ಹಾಕಲೆಂದು ಹೊರಗಿಟ್ಟು, ಮನೆಯ ತಟ್ಟೆಯಲ್ಲಿಯೇ ಸೊಸೆಗೆ ಬಡಿಸಿದಳು. ಅರೆಲಿಸ್ ರೊಟ್ಟಿಯನ್ನು ಕಾಫಿಯಲ್ಲಿ ಮುಳುಗಿಸಿದಳು. ಅದು ಉಬ್ಬಿ, ಬಿಳಿಚಿಕೊಂಡು ಜೋತುಬಿತ್ತು. ನೋಡಲು ಅಂದಿನಷ್ಟೇ ಅಸಹ್ಯವಾಗಿತ್ತು.

"ನಿಮಗೆ ಹೇಸಿಗೆ ಆಗುತ್ತೆ ದೊನ್ಯಾ. ಆ ಕಡೆ ಕೂತ್ಕೊಳ್ಳಿ."

"ಆಗುತ್ತೆ. ಅದಕ್ಕೇನೀಗ? ತಿನ್ನು," ಎಂದು ತೊಮಾಸಿನಾ ತನ್ನ ರೊಟ್ಟಿಯನ್ನೂ ಅದೇ ಲೋಟದಲ್ಲಿ ಅದ್ದಿದಳು.